ಹತ್ತಿರದ ದಾರಿ ಯಾವಾಗ ದಾರಿ? ವಿಲ್ಕಿಟ್‌ಸ್ಕಿ ಜಲಸಂಧಿ ಕಲಿಸುವ ಲೆಕ್ಕ

ವಿಜಯದಶಮಿ ದಿನ ಮಧ್ಯಾಹ್ನ ಚಾಮರಾಜಪುರಂನಿಂದ ಬನ್ನಿಮಂಟಪಕ್ಕೆ ಹೋಗಬೇಕು ಅಂದ್ಕೊಳ್ಳಿ. ಬೇರೆ ದಿನ ಆಗಿದ್ರೆ ಊರ ಮಧ್ಯದಿಂದ ನೆಟ್ಟಗೆ ಹೋಗಿಬಿಡಬಹುದು. ಆವತ್ತು ಮಾತ್ರ ಕೆ.ಆರ್. ಸರ್ಕಲ್ಲು, ಸಯ್ಯಾಜಿರಾವ್ ರಸ್ತೆ ಎಲ್ಲಾ ಜಂಬೂಸವಾರಿಗೆ ಮೀಸಲು. ಮೈಸೂರಿನವರಿಗೆ ಇದು ಗೊತ್ತು. ಅವರು ಸುಮ್ಮನೆ ಗಾಡಿ ತಿರುಗಿಸಿ ರಿಂಗ್ ರೋಡ್ ಹಿಡೀತಾರೆ. ದೂರ ಜಾಸ್ತಿ, ಪೆಟ್ರೋಲ್ ಜಾಸ್ತಿ. ಆದ್ರೆ ಎಷ್ಟೊತ್ತಿಗೆ ತಲುಪ್ತೀವಿ ಅಂತ ಹೊರಡೋಕೆ ಮುಂಚೆನೇ ಹೇಳಬಹುದು. ಹತ್ತಿರದ ದಾರಿಯಲ್ಲಿ ಹೋದವರು ಮಾತ್ರ ಯಾವಾಗ ಬರ್ತಾರೆ ಅಂತ ಅವರಿಗೇ ಗೊತ್ತಿರಲ್ಲ.

ಸಮುದ್ರದಲ್ಲೂ ಇಂಥದೇ ಒಂದು ದಾರಿ ಇದೆ. ಏಷ್ಯಾದಿಂದ ಯುರೋಪಿಗೆ ಹೋಗುವ ಹಡಗಿಗೆ ರಷ್ಯಾದ ಉತ್ತರ ಕರಾವಳಿಯ ದಾರಿ ಬಹಳ ಹತ್ತಿರ. ಇದನ್ನು ಉತ್ತರ ಸಮುದ್ರ ಮಾರ್ಗ ಅಂತ ಕರೀತಾರೆ. ‘ಆರ್ಕ್ಟಿಕ್ ಮಂಜು ಕರಗ್ತಿದೆ, ಇನ್ನೇನು ಹೊಸ ಸೂಯೆಜ್ ಬಂದೇ ಬಿಡ್ತು’ ಅನ್ನೋ ಸುದ್ದಿ ಆಗಾಗ ನಮ್ಮ ಮೊಬೈಲಿಗೆ ಬರ್ತಾನೇ ಇರುತ್ತೆ. ನಮ್ಮ ಬಳಗದಲ್ಲೂ ಇದರ ಮೇಲೆ ವಾದ ಆಯ್ತು. ಅರ್ಧ ಜನ ಹೌದು ಅಂದ್ರು, ಅರ್ಧ ಜನ ಆಗಲ್ಲ ಅಂದ್ರು. ಸುಮ್ಮನೆ ವಾದ ಮಾಡೋ ಬದಲು ಆ ಮಾರ್ಗದ ಒಂದೇ ಒಂದು ಜಾಗ ತಗೊಂಡು, ಅದನ್ನ ಇಂಜಿನಿಯರುಗಳ ಹಾಗೆ ಬಿಚ್ಚಿ ನೋಡೋಣ ಅಂತ ಕೂತೆವು. ಆ ಜಾಗವೇ ವಿಲ್ಕಿಟ್‌ಸ್ಕಿ ಜಲಸಂಧಿ.

ಎಲ್ಲಿದೆ ಇದು?

ಏಷ್ಯಾ ಖಂಡದ ನೆತ್ತಿಯನ್ನು ನೋಡಿ. ಸೈಬೀರಿಯಾದಿಂದ ತೈಮಿರ್ ಅನ್ನೋ ಪರ್ಯಾಯ ದ್ವೀಪ ಉತ್ತರಕ್ಕೆ ಚಾಚಿಕೊಂಡಿದೆ. ಅದರ ತುದಿ ಚೆಲ್ಯುಸ್ಕಿನ್ ಭೂಶಿರ, ಸುಮಾರು 77.7 ಡಿಗ್ರಿ ಉತ್ತರ ಅಕ್ಷಾಂಶ. ಏಷ್ಯಾ, ಯುರೋಪ್ ಎರಡೂ ಸೇರಿದ ಭೂಖಂಡದ ಅತ್ಯಂತ ಉತ್ತರದ ನೆಲ ಇದೇ. ಅದರ ಎದುರಿಗೆ, ಇನ್ನೂ ಉತ್ತರಕ್ಕೆ, ಸೆವರ್ನಾಯಾ ಜೆಮ್ಲ್ಯಾ ಎಂಬ ದ್ವೀಪಸಮೂಹ ಇದೆ. ಈ ಎರಡರ ನಡುವಿನ ನೀರಿನ ಓಣಿಯೇ ವಿಲ್ಕಿಟ್‌ಸ್ಕಿ ಜಲಸಂಧಿ. ಪಶ್ಚಿಮದ ಕಾರಾ ಸಮುದ್ರವನ್ನೂ ಪೂರ್ವದ ಲಾಪ್ಟೆವ್ ಸಮುದ್ರವನ್ನೂ ಇದು ಸೇರಿಸುತ್ತೆ.

ಅತ್ಯಂತ ಕಿರಿದಾದ ಕಡೆ ಇದರ ಅಗಲ ಸುಮಾರು 55 ಕಿ.ಮೀ. ನಮ್ಮ ಚಾಮರಾಜಪುರಂ ಸ್ಟೇಷನ್ ಮೇಲೆ ಹಾದುಹೋಗುವ ಮೈಸೂರು–ಚಾಮರಾಜನಗರ ರೈಲು ಮಾರ್ಗದ ಉದ್ದ ಸುಮಾರು 60 ಕಿ.ಮೀ. ಅದಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೇ. ಹಡಗಿನ ಅಗಲ ಹೆಚ್ಚೆಂದರೆ 50–60 ಮೀಟರ್. ಹಾಗಾದ್ರೆ 55 ಕಿ.ಮೀ. ಅಗಲದ ಓಣಿ ಅದಕ್ಕೆ ಇಕ್ಕಟ್ಟು ಆಗೋದು ಹೇಗೆ? ಇಡೀ ಕಥೆ ಇರೋದೇ ಈ ಪ್ರಶ್ನೆಯಲ್ಲಿ.

ದೂರದ ಲೆಕ್ಕ ಸುಳ್ಳಲ್ಲ

ಮೊದಲು ಹತ್ತಿರದ ದಾರಿ ಅನ್ನೋ ಮಾತು ನಿಜವಾ ನೋಡೋಣ. ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಇದು ತಿಳಿಯಲ್ಲ, ಯಾಕಂದ್ರೆ ಆ ಪಟ ಧ್ರುವದ ಕಡೆ ಎಲ್ಲವನ್ನೂ ಹಿಗ್ಗಿಸಿ ತೋರಿಸುತ್ತೆ. ಲೈಬ್ರರಿಯಲ್ಲಿ ಗ್ಲೋಬ್ ಇದ್ರೆ ಒಂದು ದಾರ ತಗೊಳ್ಳಿ. ಒಂದು ತುದಿ ಜಪಾನಿನ ಯೊಕೊಹಾಮಾ ಮೇಲೆ, ಇನ್ನೊಂದು ತುದಿ ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಇಂಡಿಯಾ ಕಡೆ ಬರೋದೇ ಇಲ್ಲ, ಸೈಬೀರಿಯಾದ ಮೇಲೆ ಹೋಗುತ್ತೆ. ಸೂಯೆಜ್ ಮೂಲಕ ಈ ಎರಡು ಬಂದರುಗಳ ನಡುವೆ ಸುಮಾರು 20,000 ಕಿ.ಮೀ. ಉತ್ತರದ ಮಾರ್ಗದಲ್ಲಿ ಸುಮಾರು 13,500 ಕಿ.ಮೀ. ಮೂರರಲ್ಲಿ ಒಂದು ಭಾಗ ಉಳಿತಾಯ.

ಇದು ಸಣ್ಣ ಆಸೆಯಲ್ಲ. 2021ರ ಮಾರ್ಚ್‌ನಲ್ಲಿ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ಜಗತ್ತಿನ ವ್ಯಾಪಾರ ನಿಂತಿದ್ದು ನಮಗೆಲ್ಲಾ ನೆನಪಿದೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಎಷ್ಟೋ ಕಂಪನಿಗಳು ಆಫ್ರಿಕಾ ಸುತ್ತಿ ಹೋದವು. ಇಂಥ ಪ್ರತಿ ಸಲವೂ ಜನರ ಕಣ್ಣು ಉತ್ತರಕ್ಕೆ ಹೋಗುತ್ತೆ. ಹೋದಾಗಲೆಲ್ಲಾ ಎದುರಿಗೆ ನಿಲ್ಲೋದು ವಿಲ್ಕಿಟ್‌ಸ್ಕಿ.

ಮಂಜುಗಡ್ಡೆ ಅಲ್ಲೇ ಯಾಕೆ ಸಿಕ್ಕಿಹಾಕಿಕೊಳ್ಳುತ್ತೆ?

ಸಮುದ್ರದ ನೀರು ಉಪ್ಪಿರೋದ್ರಿಂದ ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಲ್ಲ, ಸುಮಾರು ಮೈನಸ್ 1.8 ಡಿಗ್ರಿಗೆ ಹೆಪ್ಪುಗಟ್ಟುತ್ತೆ. ಹೆಪ್ಪುಗಟ್ಟುವಾಗ ಉಪ್ಪನ್ನು ಹೊರಗೆ ತಳ್ಳುತ್ತೆ. ತಳ್ಳಲಾಗದ ಉಪ್ಪುನೀರು ಗಡ್ಡೆಯೊಳಗೆ ಸಣ್ಣ ಸಣ್ಣ ಗುಳ್ಳೆಗಳಾಗಿ ಉಳಿಯುತ್ತೆ. ಹೊಸ ಮಂಜುಗಡ್ಡೆ ಸ್ವಲ್ಪ ಮೆದು ಇರೋದು ಇದಕ್ಕೇ. ಅದೇ ಗಡ್ಡೆ ಒಂದು ಬೇಸಿಗೆ ಕರಗದೆ ಉಳಿದ್ರೆ ಆ ಉಪ್ಪುನೀರೆಲ್ಲಾ ಬಸಿದುಹೋಗಿ ಗಟ್ಟಿ ಕಲ್ಲಿನ ಹಾಗಾಗುತ್ತೆ. ಒಂದು ವರ್ಷದ ಗಡ್ಡೆ ಒಂದೂವರೆ–ಎರಡು ಮೀಟರ್ ದಪ್ಪ ಇದ್ರೆ, ಹಲವು ವರ್ಷದ್ದು ಮೂರು ಮೀಟರ್ ದಾಟಬಹುದು. ನಾವಿಕರು ಹೆದರೋದು ಈ ಹಳೇ ಗಡ್ಡೆಗೆ.

ಈಗ ಭೂಪಟಕ್ಕೆ ಬನ್ನಿ. ಸೆವರ್ನಾಯಾ ಜೆಮ್ಲ್ಯಾ ಉತ್ತರಕ್ಕೆ 81 ಡಿಗ್ರಿವರೆಗೂ ಒಂದು ಗೋಡೆಯಂತೆ ನಿಂತಿದೆ. ಅದರ ಪೂರ್ವಕ್ಕೆ, ಲಾಪ್ಟೆವ್ ಸಮುದ್ರದ ಮೂಲೆಯಲ್ಲಿ, ಮಂಜುಗಡ್ಡೆಯ ದೊಡ್ಡ ರಾಶಿ ಬೇಸಿಗೆಯಲ್ಲೂ ಕರಗದೆ ನಿಲ್ಲುವುದುಂಟು. ಇದಕ್ಕೆ ತೈಮಿರ್ ರಾಶಿ ಅಂತಲೇ ಹೆಸರು. ಗಾಳಿ ಆ ಕಡೆಯಿಂದ ಬೀಸಿದ್ರೆ ರಾಶಿ ಬಂದು ಓಣಿಯ ಬಾಯಿಗೆ ತುಂಬಿಕೊಳ್ಳುತ್ತೆ. ತೆರೆದ ಸಮುದ್ರದಲ್ಲಾದ್ರೆ ತೇಲುವ ಗಡ್ಡೆ ಹರಡಿಕೊಳ್ಳೋಕೆ ಜಾಗ ಇರುತ್ತೆ. ಎರಡು ದಡದ ನಡುವೆ ಅದು ಎಲ್ಲಿಗೆ ಹೋಗಬೇಕು? ಒಂದರ ಮೇಲೊಂದು ಹತ್ತಿ ದಿಬ್ಬ ಕಟ್ಟುತ್ತೆ. ನೀರಿನ ಮೇಲೆ ಒಂದು ಮೀಟರ್ ದಿಬ್ಬ ಕಂಡ್ರೆ ನೀರಿನ ಕೆಳಗೆ ಅದರ ನಾಲ್ಕರಷ್ಟು ಆಳದ ಬೇರು ಇರಬಹುದು. ಹಾಗಾಗಿ ಅಗಲ 55 ಕಿ.ಮೀ. ಇದ್ರೂ ಹಡಗಿಗೆ ಸಿಗುವ ಸಂದು ಕೆಲವು ಸಲ ಸೊನ್ನೆ.

ಇನ್ನೊಂದು ಲೆಕ್ಕ ಇದೆ, ಇದು ಮೆಕ್ಯಾನಿಕಲ್‌ನವರಿಗೆ ಇಷ್ಟ ಆಗುತ್ತೆ. ಮಂಜುಗಡ್ಡೆ ಎಷ್ಟು ಬೇಗ ಬೆಳೆಯುತ್ತೆ? ಗಾಳಿಯ ತಾಪ ಮೈನಸ್ 1.8ಕ್ಕಿಂತ ಎಷ್ಟು ಡಿಗ್ರಿ ಕೆಳಗಿದೆ ಅಂತ ದಿನಾ ಬರೆದುಕೊಂಡು ಕೂಡಿಸುತ್ತಾ ಹೋಗಿ. ಆ ಮೊತ್ತವನ್ನು ಚಳಿ-ದಿನ ಅನ್ನೋಣ. ಲೆಬೆಡೆವ್ ಎಂಬ ರಷ್ಯನ್ ವಿಜ್ಞಾನಿ ಅಳತೆಗಳಿಂದ ಕಂಡುಕೊಂಡ ಸೂತ್ರ ಹೀಗಿದೆ: ಸೆಂಟಿಮೀಟರ್‌ನಲ್ಲಿ ದಪ್ಪ ಅಂದ್ರೆ ಚಳಿ-ದಿನದ 0.58ನೇ ಘಾತವನ್ನು 1.33ರಿಂದ ಗುಣಿಸಿದಷ್ಟು. ಹೊರಗೆ ಮೈನಸ್ 20 ಡಿಗ್ರಿ ಇದೆ ಅಂದ್ಕೊಳ್ಳಿ. 10 ದಿನಕ್ಕೆ ಚಳಿ-ದಿನ 182, ದಪ್ಪ ಸುಮಾರು 27 ಸೆಂ.ಮೀ. 100 ದಿನಕ್ಕೆ 1,820, ದಪ್ಪ ಸುಮಾರು 103 ಸೆಂ.ಮೀ. ದಿನ ಹತ್ತು ಪಟ್ಟಾದ್ರೂ ದಪ್ಪ ನಾಲ್ಕು ಪಟ್ಟೂ ಆಗಲಿಲ್ಲ.

ಯಾಕೆ? ಗಡ್ಡೆ ಬೆಳೆಯೋದು ತಳದಲ್ಲಿ. ಅಲ್ಲಿನ ಶಾಖ ಗಡ್ಡೆಯನ್ನು ತೂರಿಕೊಂಡು ಮೇಲಿನ ಗಾಳಿಗೆ ಹೋಗಬೇಕು. ಗಡ್ಡೆ ದಪ್ಪ ಆದಷ್ಟೂ ಅದೇ ಕಂಬಳಿಯಾಗಿ ನೀರನ್ನು ಬೆಚ್ಚಗಿಡುತ್ತೆ. ಇದರಲ್ಲಿ ಒಂದು ಅಪಾಯ ಅಡಗಿದೆ. ದಪ್ಪ ಗಡ್ಡೆ ನಿಧಾನ ಬೆಳೆಯುತ್ತೆ ನಿಜ, ಆದ್ರೆ ಬಿರುಕು ಬಿಟ್ಟು ತೆರೆದ ನೀರು ಕಂಡ ಜಾಗದಲ್ಲಿ ಕಂಬಳಿ ಇಲ್ಲ. ಅಲ್ಲಿ ಹೊಸ ಗಡ್ಡೆ ಬಹಳ ಬೇಗ ಕಟ್ಟುತ್ತೆ. ಕಷ್ಟಪಟ್ಟು ಒಡೆದು ಮಾಡಿದ ದಾರಿಯೇ ಎಲ್ಲಕ್ಕಿಂತ ಬೇಗ ಮುಚ್ಚಿಕೊಳ್ಳುತ್ತೆ!

ಹೋದವರು, ಸಿಕ್ಕಿಬಿದ್ದವರು

ಸ್ವೀಡನ್‌ನ ನಾರ್ಡೆನ್‌ಷೋಲ್ಡ್ ‘ವೇಗಾ’ ಎಂಬ ಹಡಗಿನಲ್ಲಿ 1878ರ ಆಗಸ್ಟ್ 19ರಂದು ಚೆಲ್ಯುಸ್ಕಿನ್ ಭೂಶಿರ ಮುಟ್ಟಿದ. ಸಮುದ್ರದ ಕಡೆಯಿಂದ ಅಲ್ಲಿಗೆ ಬಂದ ಮೊದಲ ಹಡಗು ಅದು. ಕಷ್ಟದ ಜಾಗ ದಾಟಿಯಾಯ್ತು ಅಂತ ಪೂರ್ವಕ್ಕೆ ಸಾಗಿದ. ಇನ್ನು ಸುಮಾರು 200 ಕಿ.ಮೀ. ಹೋದ್ರೆ ಬೇರಿಂಗ್ ಜಲಸಂಧಿ, ಅಂದ್ರೆ ಗೆದ್ದ ಹಾಗೆ. ಸೆಪ್ಟೆಂಬರ್ 28ಕ್ಕೆ ಸುತ್ತ ನೀರು ಹೆಪ್ಪುಗಟ್ಟಿ ಹಡಗು ನಿಂತೇಹೋಯ್ತು. ಬಿಡುಗಡೆ ಸಿಕ್ಕಿದ್ದು ಮುಂದಿನ ವರ್ಷ ಜುಲೈ 18ಕ್ಕೆ. ಎರಡೇ ದಿನದಲ್ಲಿ ಬೇರಿಂಗ್ ದಾಟಿತು. ಎರಡು ದಿನದ ದಾರಿಗೆ ಹತ್ತು ತಿಂಗಳ ಕಾಯುವಿಕೆ. ಹತ್ತಿರದ ದಾರಿ ಅನ್ನೋ ಮಾತಿನ ಅರ್ಥ ಆ ಹಡಗಿನವರನ್ನೇ ಕೇಳಬೇಕಿತ್ತು.

ಸ್ವಾರಸ್ಯ ಏನಂದ್ರೆ, ತಾನು ಒಂದು ಜಲಸಂಧಿಯಲ್ಲಿ ಹೋಗ್ತಿದ್ದೀನಿ ಅಂತ ನಾರ್ಡೆನ್‌ಷೋಲ್ಡ್‌ಗೆ ಗೊತ್ತೇ ಇರಲಿಲ್ಲ. ಉತ್ತರಕ್ಕೆ ನೆಲ ಇದೆ ಅಂತ ಆಗ ಯಾರಿಗೂ ತಿಳಿದಿರಲಿಲ್ಲ. 1913ರಲ್ಲಿ ರಷ್ಯಾದ ಬೋರಿಸ್ ವಿಲ್ಕಿಟ್‌ಸ್ಕಿ ‘ತೈಮಿರ್’, ‘ವೈಗಾಚ್’ ಎಂಬ ಎರಡು ಹಡಗುಗಳೊಂದಿಗೆ ಪೂರ್ವದಿಂದ ಬಂದ. ಚೆಲ್ಯುಸ್ಕಿನ್ ಹತ್ತಿರ ಮಂಜುಗಡ್ಡೆ ದಾರಿ ಕಟ್ಟಿತ್ತು. ಸುತ್ತಿ ಹೋಗೋಣ ಅಂತ ಉತ್ತರಕ್ಕೆ ತಿರುಗಿದಾಗ ಭೂಪಟದಲ್ಲೇ ಇಲ್ಲದ ದ್ವೀಪಗಳು ಎದುರಾದವು. ಭೂಮಿಯ ಮೇಲೆ ಮನುಷ್ಯ ಗುರುತಿಸಿದ ಕೊನೆಯ ದೊಡ್ಡ ದ್ವೀಪಸಮೂಹ ಇದು. ದಾರಿ ಮುಚ್ಚಿದ್ದರಿಂದಲೇ ಅದು ಸಿಕ್ಕಿತು. ಆ ದ್ವೀಪಗಳ ಪೂರ್ತಿ ನಕ್ಷೆ ಬರೆಯೋಕೆ ಉಷಾಕೋವ್ ಮತ್ತು ಉರ್ವಾಂಟ್ಸೆವ್ 1930ರಿಂದ 1932ರವರೆಗೆ ನಾಯಿ ಕಟ್ಟಿದ ಜಾರುಬಂಡಿಯಲ್ಲಿ ಓಡಾಡಿದರು.

1932ರಲ್ಲಿ ‘ಸಿಬಿರ್ಯಾಕೋವ್’ ಹಡಗು ಮೊದಲ ಸಲ ಒಂದೇ ಬೇಸಿಗೆಯಲ್ಲಿ ಈ ಮಾರ್ಗ ಮುಗಿಸಿತು. ಅದು ಜಲಸಂಧಿ ಬಿಟ್ಟು ಸೆವರ್ನಾಯಾ ಜೆಮ್ಲ್ಯಾವನ್ನೇ ಉತ್ತರದಿಂದ ಸುತ್ತಿಕೊಂಡು ಹೋಯ್ತು. ಆದ್ರೆ ಪೂರ್ವದ ಕೊನೆಯಲ್ಲಿ ಗಡ್ಡೆಗೆ ಬಡಿದು ಪ್ರೊಪೆಲ್ಲರಿನ ಅಲಗುಗಳು ಮುರಿದವು. ಡ್ರೈ ಡಾಕ್ ಎಲ್ಲಿಂದ ತರೋದು? ಹಿಂಭಾಗದ ನೂರಾರು ಟನ್ ಕಲ್ಲಿದ್ದಲನ್ನು ಜನ ಹೊತ್ತು ಮುಂಭಾಗಕ್ಕೆ ಸುರಿದರು. ಮೂತಿ ತಗ್ಗಿ ಹಿಂಭಾಗ ನೀರಿಂದ ಮೇಲೆದ್ದಿತು. ಅಲಗು ಬದಲಾಯಿಸಿದರು. ಕೆಲವೇ ದಿನದಲ್ಲಿ ಶಾಫ್ಟೇ ತುಂಡಾಯ್ತು. ಆಗ ಟಾರ್ಪಾಲಿನ್‌ಗಳನ್ನು ಹಾಯಿ ಮಾಡಿ ಕಟ್ಟಿ, ಅಕ್ಟೋಬರ್ 1ಕ್ಕೆ ಹೇಗೋ ಬೇರಿಂಗ್ ಜಲಸಂಧಿ ತಲುಪಿದರು. ಸ್ಟ್ಯಾಟಿಕ್ಸ್ ಪಾಠದಲ್ಲಿ ಗುರುತ್ವ ಕೇಂದ್ರ ಓದುವಾಗ ಈ ಕಲ್ಲಿದ್ದಲನ್ನು ನೆನಪಿಟ್ಟುಕೊಳ್ಳಿ.

ಆ ಗೆಲುವಿನ ಹುರುಪಿನಲ್ಲಿ ಮರುವರ್ಷ ‘ಚೆಲ್ಯುಸ್ಕಿನ್’ ಹೊರಟಿತು. ಅದು ಐಸ್‌ಬ್ರೇಕರ್ ಅಲ್ಲ, ಸ್ವಲ್ಪ ಬಲಪಡಿಸಿದ ಸಾಮಾನು ಹಡಗು. ಬೇರಿಂಗ್ ಬಾಗಿಲವರೆಗೂ ಬಂದು, ಗಡ್ಡೆಯ ಜೊತೆ ಹಿಂದಕ್ಕೆ ತೇಲಿಹೋಗಿ, 1934ರ ಫೆಬ್ರವರಿ 13ರಂದು ನಜ್ಜುಗುಜ್ಜಾಗಿ ಮುಳುಗಿತು. ಒಬ್ಬರು ತೀರಿಕೊಂಡರು. ಹೆಂಗಸರು ಮಕ್ಕಳು ಸೇರಿ 104 ಮಂದಿ ಮಂಜುಗಡ್ಡೆಯ ಮೇಲೆ ಡೇರೆ ಹಾಕಿಕೊಂಡು ಎರಡು ತಿಂಗಳು ಕಳೆದರು. ಗಡ್ಡೆ ಬಿರುಕು ಬಿಟ್ಟಾಗಲೆಲ್ಲಾ ವಿಮಾನ ಇಳಿಯೋಕೆ ಹೊಸ ಪಟ್ಟಿ ಸಮ ಮಾಡಬೇಕಿತ್ತು. ಏಪ್ರಿಲ್ 13ಕ್ಕೆ ಕೊನೆಯವರನ್ನು ವಿಮಾನದಲ್ಲಿ ಹೊರತಂದರು. ಒಂದು ಸಲ ಆಗಿದ್ದು ಯಾವಾಗಲೂ ಆಗುತ್ತೆ ಅಂತ ನಂಬಿದ್ದಕ್ಕೆ ತೆತ್ತ ಬೆಲೆ ಇದು.

ಒಡೆಯೋದು ಹೇಗೆ?

ಐಸ್‌ಬ್ರೇಕರ್ ಅಂದ್ರೆ ಚಾಕುವಿನ ಹಾಗೆ ಗಡ್ಡೆಯನ್ನು ಕತ್ತರಿಸುತ್ತೆ ಅಂತ ನಮ್ಮಲ್ಲೂ ಹಲವರು ಅಂದ್ಕೊಂಡಿದ್ದೆವು. ಹಾಗಲ್ಲ. ಮಂಜುಗಡ್ಡೆ ಒತ್ತಿದ್ರೆ ಗಟ್ಟಿ, ಬಗ್ಗಿಸಿದ್ರೆ ಬಡಪಾಯಿ. ಬಾಗುವಿಕೆಯಲ್ಲಿ ಅದರ ಬಲ ಸುಮಾರು ಅರ್ಧ ಮೆಗಾಪಾಸ್ಕಲ್. ಒತ್ತಡದಲ್ಲಿ ಅದರ ಹಲವು ಪಟ್ಟು. ಕಾಂಕ್ರೀಟಿನ ಗುಣವೇ ಇದು, ಸಿವಿಲ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಹಡಗಿನ ಮೂತಿಯನ್ನು ಇಳಿಜಾರಾಗಿ ಮಾಡಿ, ಗಡ್ಡೆಯ ಮೇಲೆ ಹತ್ತಿಸಿ, ತನ್ನ ಭಾರದಿಂದಲೇ ಕೆಳಕ್ಕೆ ಬಗ್ಗಿಸಿ ಮುರಿಯುತ್ತಾರೆ. ಹೀಗೆ ಮುರಿಯೋಕೆ ಬೇಕಾದ ಭಾರ ದಪ್ಪದ ವರ್ಗದಷ್ಟು ಏರುತ್ತೆ. ದಪ್ಪ ಎರಡು ಪಟ್ಟಾದ್ರೆ ಭಾರ ನಾಲ್ಕು ಪಟ್ಟು.

ಜಗತ್ತಿನ ಮೊದಲ ಅಣುಶಕ್ತಿ ಐಸ್‌ಬ್ರೇಕರ್ ‘ಲೆನಿನ್’ 1959ರಲ್ಲಿ ಕೆಲಸಕ್ಕೆ ಬಂತು. 2020ರಲ್ಲಿ ಸೇವೆಗೆ ಸೇರಿದ ಹೊಸ ‘ಆರ್ಕ್‌ಟಿಕಾ’ 173 ಮೀಟರ್ ಉದ್ದ, 34 ಮೀಟರ್ ಅಗಲ. ಎರಡು ರಿಯಾಕ್ಟರ್‌ಗಳ ಶಾಖದಿಂದ ಪ್ರೊಪೆಲ್ಲರ್ ಶಾಫ್ಟಿಗೆ 60 ಮೆಗಾವ್ಯಾಟ್ ಸಿಗುವಂತೆ ವಿನ್ಯಾಸ. ಸುಮಾರು ಮೂರು ಮೀಟರ್ ಗಡ್ಡೆ ಒಡೆಯೋದು ಅದರ ಗುರಿ. ಅಣುಶಕ್ತಿ ಯಾಕೆ? ಅಲ್ಲಿ ಡೀಸೆಲ್ ತುಂಬಿಸಿಕೊಳ್ಳೋಕೆ ಬಂಕ್ ಇಲ್ಲ, ಅಷ್ಟೇ.

ಇನ್ನೊಂದು ಜಾಣತನ ಇದೆ. ಯಮಾಲ್‌ನ ದ್ರವೀಕೃತ ಅನಿಲ ಸಾಗಿಸೋ ಹಡಗುಗಳು ಸುಮಾರು 300 ಮೀಟರ್ ಉದ್ದ, 50 ಮೀಟರ್ ಅಗಲ. ಮಾಮೂಲಿ ನೀರಿನಲ್ಲಿ ಮುಂದಕ್ಕೆ ಹೋಗ್ತವೆ. ಗಡ್ಡೆ ದಪ್ಪ ಆದ್ರೆ ತಿರುಗಿ ಹಿಮ್ಮುಖವಾಗಿ ಹೋಗ್ತವೆ! ಹಿಂಭಾಗದ ತಿರುಗುವ ಪ್ರೊಪೆಲ್ಲರ್‌ಗಳು ಗಡ್ಡೆಯನ್ನು ಕಡಿದು, ನೀರನ್ನು ಎಳೆದು ದಾರಿ ಮಾಡಿಕೊಳ್ತವೆ. 2017ರಲ್ಲಿ ಇಂಥ ಮೊದಲ ಹಡಗು ‘ಕ್ರಿಸ್ಟೋಫ್ ದ ಮಾರ್ಜರಿ’ ಐಸ್‌ಬ್ರೇಕರ್ ಜೊತೆ ಇಲ್ಲದೆ ಉತ್ತರ ಸಮುದ್ರ ಮಾರ್ಗವನ್ನು ಆರೂವರೆ ದಿನದಲ್ಲಿ ದಾಟಿತು. ಆದ್ರೆ ಅದು ಆಗಸ್ಟ್ ತಿಂಗಳು.

ಈ ಅಳತೆಗಳಲ್ಲೇ ಒಂದು ತೊಡಕು ಇದೆ, ಗಮನಿಸಿದಿರಾ? ದಾರಿ ಮಾಡುವ ಹಡಗು 34 ಮೀಟರ್, ಹಿಂದೆ ಬರುವ ಹಡಗು 50 ಮೀಟರ್. ಬಾಗಿಲಿಗಿಂತ ಬೀರು ದೊಡ್ಡದು. ಆಳದ ತೊಡಕು ಬೇರೆ. ವಿಲ್ಕಿಟ್‌ಸ್ಕಿಯಲ್ಲಿ ನೀರು ಆಳವಾಗಿದೆ, ಆದ್ರೆ ಮುಂದೆ ಪೂರ್ವಕ್ಕೆ ಸಿಗುವ ಸಾನ್ನಿಕೋವ್ ಜಲಸಂಧಿಯಲ್ಲಿ ಕಡಿಮೆ ಆಳದ ಕಡೆ ಸುಮಾರು 13 ಮೀಟರ್ ಮಾತ್ರ. ದೊಡ್ಡ ಕಂಟೇನರ್ ಹಡಗುಗಳ ತಳ ತುಂಬಿದ ಹೊರೆಯಲ್ಲಿ ನೀರಿನೊಳಗೆ ಸುಮಾರು 16 ಮೀಟರ್ ಇಳಿಯುತ್ತೆ. ಅವು ದ್ವೀಪಗಳನ್ನು ಬಿಟ್ಟು ಇನ್ನೂ ಉತ್ತರಕ್ಕೆ, ಇನ್ನೂ ದಪ್ಪ ಗಡ್ಡೆಯ ಕಡೆಗೇ ಹೋಗಬೇಕು. ಸರಪಳಿಯ ಬಲ ಅದರ ದುರ್ಬಲ ಕೊಂಡಿಯಷ್ಟೇ ಅಂತ ಓದಿದ್ದೇವಲ್ಲ, ಮಾರ್ಗದ ಬಲವೂ ಅದರ ಇಕ್ಕಟ್ಟಿನ ಜಾಗದಷ್ಟೇ.

ಕಾಣೋದು, ಕೇಳೋದು

ಇ ಅಂಡ್ ಸಿ ಗೆಳೆಯರಿಗೆ ಒಂದು ಲೆಕ್ಕ. ಭೂಸ್ಥಿರ ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿರುತ್ತೆ. ಚೆಲ್ಯುಸ್ಕಿನ್ ಭೂಶಿರದಲ್ಲಿ ನಿಂತು ನೋಡಿದ್ರೆ, ಅದೇ ರೇಖಾಂಶದಲ್ಲಿ ಉಪಗ್ರಹ ಇದ್ರೂ, ಕ್ಷಿತಿಜದಿಂದ ಕೇವಲ 3.6 ಡಿಗ್ರಿ ಮೇಲೆ ಸಿಗುತ್ತೆ. ನಡುವೆ ಒಂದು ಗುಡ್ಡ ಬಂದ್ರೆ ಸಿಗ್ನಲ್ ಹೋಯ್ತು. ಅದಕ್ಕೇ ಅಲ್ಲಿನ ನಾವಿಕರಿಗೆ ಧ್ರುವದ ಮೇಲೆ ಸುತ್ತುವ ಉಪಗ್ರಹಗಳೇ ಆಧಾರ.

ಗಡ್ಡೆ ಎಲ್ಲಿದೆ ಅಂತ ನೋಡೋಕೆ ಮಾಮೂಲಿ ಕ್ಯಾಮರಾ ಸಾಲದು. ತಿಂಗಳುಗಟ್ಟಲೆ ರಾತ್ರಿ, ಉಳಿದ ಕಾಲ ಮೋಡ. ಕತ್ತಲು, ಮೋಡ ಎರಡನ್ನೂ ತೂರಿ ನೋಡೋದು ರೇಡಾರ್ ಉಪಗ್ರಹ. ಇಲ್ಲಿ ನಮ್ಮ ರಾಜ್ಯದ ಕೈಯೂ ಇದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋ–ನಾಸಾ ಜಂಟಿ ಉಪಗ್ರಹ ‘ನಿಸಾರ್’ ಜೋಡಣೆಯಾಗಿದ್ದು ಬೆಂಗಳೂರಿನಲ್ಲಿ. ಎಲ್ ಬ್ಯಾಂಡ್, ಎಸ್ ಬ್ಯಾಂಡ್ ಎರಡು ರೇಡಾರ್ ಹೊತ್ತ ಈ ಉಪಗ್ರಹದ ಕೆಲಸಗಳಲ್ಲಿ ಮಂಜುಗಡ್ಡೆಯ ಚಲನೆಯನ್ನು ಅಳೆಯೋದೂ ಒಂದು.

ಬಾಗಿಲ ಕೀಲಿ ಯಾರದು?

ಮಂಜುಗಡ್ಡೆ ಬಿಟ್ಟರೂ ಕಾನೂನು ಬಿಡಲ್ಲ. 1967ರಲ್ಲಿ ಅಮೆರಿಕದ ‘ಈಸ್ಟ್‌ವಿಂಡ್’, ‘ಎಡಿಸ್ಟೋ’ ಎಂಬ ಎರಡು ಐಸ್‌ಬ್ರೇಕರ್‌ಗಳು ಸೆವರ್ನಾಯಾ ಜೆಮ್ಲ್ಯಾದ ಉತ್ತರದಿಂದ ಸುತ್ತಿ ಹೋಗಲು ಬಂದವು. ಅಲ್ಲಿ ಗಡ್ಡೆ ದಾರಿ ಕೊಡಲಿಲ್ಲ. ವಿಲ್ಕಿಟ್‌ಸ್ಕಿಯಲ್ಲಿ ಹೋಗ್ತೀವಿ ಅಂದಾಗ ಸೋವಿಯತ್ ಸರ್ಕಾರ ಇದು ನಮ್ಮ ನೀರು ಅಂತ ತಡೆಯಿತು. ಹಡಗುಗಳು ವಾಪಸ್ ಹೋದವು. ಹಡಗು ಸಂಚಾರಕ್ಕೆ ಈ ಜಲಸಂಧಿ ಎಷ್ಟು ಮುಖ್ಯ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮುಖ್ಯವಲ್ಲದ ಬಾಗಿಲಿಗೆ ಯಾರೂ ಕಾವಲು ಕೂರಲ್ಲ. ಇಂದೂ ಈ ಮಾರ್ಗಕ್ಕೆ ರಷ್ಯಾದ ಅನುಮತಿ ಬೇಕು. ಐಸ್‌ಬ್ರೇಕರ್ ಜೊತೆ ಬಂದ್ರೆ ಅದಕ್ಕೆ ಶುಲ್ಕ ಬೇರೆ.

ಹಾಗಾದ್ರೆ ಹೊಸ ಸೂಯೆಜ್?

ಆರ್ಕ್ಟಿಕ್ ಮಂಜು ಕಡಿಮೆ ಆಗ್ತಿರೋದು ನಿಜ. ಸೆಪ್ಟೆಂಬರ್‌ನಲ್ಲಿ ಅದರ ಹರಹು ಅತಿ ಕಡಿಮೆ ಇರುತ್ತೆ. 1980ರ ಸುಮಾರಿಗೆ ಅದು 70 ಲಕ್ಷ ಚದರ ಕಿ.ಮೀ. ಆಸುಪಾಸು ಇತ್ತು. 2012ರಲ್ಲಿ ಸುಮಾರು 34 ಲಕ್ಷಕ್ಕೆ ಇಳಿಯಿತು. ವಿಲ್ಕಿಟ್‌ಸ್ಕಿ ಈಗ ಹಲವು ವರ್ಷ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತೆ.

‘ಹಲವು ವರ್ಷ’ ಅನ್ನೋ ಆ ಎರಡು ಪದದಲ್ಲೇ ತೊಂದರೆ ಇರೋದು. ಪ್ರಾಬಬಿಲಿಟಿ ಪೇಪರಿನಲ್ಲಿ ನಾವು ಎರಡು ಕಲಿಯುತ್ತೇವೆ: ಸರಾಸರಿ ಮತ್ತು ಏರಿಳಿತ. ಸುದ್ದಿಯವರು ಸರಾಸರಿ ಹೇಳ್ತಾರೆ. ಹಡಗಿನ ಕಂಪನಿ ನೋಡೋದು ಏರಿಳಿತ. ಕಂಟೇನರ್ ಹಡಗು ಅಂದ್ರೆ ಸಿಟಿ ಬಸ್ಸಿದ್ದ ಹಾಗೆ. ದಾರಿಯುದ್ದಕ್ಕೂ ಹತ್ತಾರು ಬಂದರಿಗೆ ನಿಗದಿತ ದಿನ ಹೋಗಬೇಕು. ಐದು ದಿನ ಮೊದಲೇ ತಲುಪಬಹುದು, ಇಲ್ಲಾ ಒಂದು ತಿಂಗಳು ತಡವಾಗಬಹುದು ಅಂದ್ರೆ ಅಂಥ ಬಸ್ಸಿಗೆ ಯಾರು ಹತ್ತುತ್ತಾರೆ?

2018ರಲ್ಲಿ ಮಾರ್ಸ್ಕ್ ಕಂಪನಿಯ ‘ವೆಂಟಾ ಮಾರ್ಸ್ಕ್’ 3,600 ಕಂಟೇನರ್ ಸಾಮರ್ಥ್ಯದ ಹಡಗು ವ್ಲಾಡಿವೊಸ್ಟಾಕ್‌ನಿಂದ ಸೇಂಟ್ ಪೀಟರ್ಸ್‌ಬರ್ಗಿಗೆ ಈ ಮಾರ್ಗದಲ್ಲಿ ಹೋಯ್ತು. ಕಂಪನಿ ಇದು ಪ್ರಯೋಗ ಮಾತ್ರ, ಮಾಮೂಲಿ ಮಾರ್ಗಕ್ಕೆ ಬದಲಿ ಅಲ್ಲ ಅಂತ ಹೇಳಿತು. 2021ರ ನವೆಂಬರ್‌ನಲ್ಲಿ ಗಡ್ಡೆ ಅಂದಾಜಿಗಿಂತ ಮೊದಲೇ ಕಟ್ಟಿ, ಈ ಮಾರ್ಗದ ಪೂರ್ವ ಭಾಗದಲ್ಲಿ ಸುಮಾರು 20 ಹಡಗುಗಳು ಸಿಕ್ಕಿಬಿದ್ದವು. ಅಣುಶಕ್ತಿ ಐಸ್‌ಬ್ರೇಕರ್ ಕಳಿಸಿ ಬಿಡಿಸಬೇಕಾಯ್ತು. ವೇಗಾ ಹಡಗಿಗೆ ಆಗಿದ್ದೇ 143 ವರ್ಷದ ನಂತರ, ಉಪಗ್ರಹ ಚಿತ್ರ ಕೈಯಲ್ಲಿದ್ದವರಿಗೂ ಆಯ್ತು.

ಅಂಕಿ ನೋಡಿ. 2024ರಲ್ಲಿ ಉತ್ತರ ಸಮುದ್ರ ಮಾರ್ಗದಲ್ಲಿ ಸಾಗಿದ ಸರಕು ಸುಮಾರು 3.8 ಕೋಟಿ ಟನ್. ಬಹುಪಾಲು ರಷ್ಯಾದ್ದೇ ತೈಲ, ಅನಿಲ. ಈ ತುದಿಯಿಂದ ಆ ತುದಿಗೆ ಪೂರ್ತಿ ದಾಟಿದ್ದು ಸುಮಾರು 30 ಲಕ್ಷ ಟನ್. ಸೂಯೆಜ್‌ನಲ್ಲಿ 2019ರಲ್ಲಿ ಸಾಗಿದ್ದು 100 ಕೋಟಿ ಟನ್‌ಗೂ ಹೆಚ್ಚು. ಇನ್ನೊಂದು ಮಾತೂ ಇದೆ. ಹಡಗಿನ ಹೊಗೆಯ ಮಸಿ ಬಿಳಿ ಗಡ್ಡೆಯ ಮೇಲೆ ಕೂತ್ರೆ ಅದು ಬಿಸಿಲನ್ನು ಹೀರಿ ಇನ್ನೂ ಬೇಗ ಕರಗುತ್ತೆ. 2024ರ ಜುಲೈ 1ರಿಂದ ಆರ್ಕ್ಟಿಕ್‌ನಲ್ಲಿ ಭಾರೀ ಇಂಧನ ತೈಲಕ್ಕೆ ಅಂತರರಾಷ್ಟ್ರೀಯ ನಿಷೇಧ ಬಂದಿದೆ, ಕೆಲವು ವಿನಾಯಿತಿಗಳು 2029ರವರೆಗೆ ಇವೆ. ದಾರಿ ತೆರೆಯಿತು ಅಂತ ಖುಷಿಪಡೋಕೆ ಮುಂಚೆ ಅದು ಯಾಕೆ ತೆರೆಯಿತು ಅಂತ ಕೇಳಿಕೊಳ್ಳಬೇಕು.

ನಮಗೇನು?

ಮಂಗಳೂರಿನಿಂದ ರಾಟರ್‌ಡ್ಯಾಮಿಗೆ ಸೂಯೆಜ್ ಮೂಲಕ ಸುಮಾರು 12,000 ಕಿ.ಮೀ. ಅದೇ ಹಡಗು ಸಿಂಗಪುರ, ಜಪಾನ್ ಸುತ್ತಿ ಉತ್ತರದಿಂದ ಹೋದ್ರೆ 22,000 ಕಿ.ಮೀ. ದಾಟುತ್ತೆ. ಸೂಯೆಜ್ ಮುಚ್ಚಿದ್ರೂ ನಮಗೆ ಆಫ್ರಿಕಾ ಸುತ್ತೋದೇ ಹತ್ತಿರ. ಅಂದ್ರೆ ಜಪಾನಿಗೆ ಹತ್ತಿರದ ದಾರಿ ನಮಗೆ ಹತ್ತಿರದ್ದಲ್ಲ. ಹಾಗಂತ ನಮಗೆ ಸಂಬಂಧವೇ ಇಲ್ಲ ಅಂತಲೂ ಅಲ್ಲ. ರಷ್ಯಾದ ಪೂರ್ವ ತೀರಕ್ಕೆ ಚೆನ್ನೈ–ವ್ಲಾಡಿವೊಸ್ಟಾಕ್ ಮಾರ್ಗದ ಮಾತುಕತೆ 2019ರಿಂದ ನಡೆದಿದೆ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ಇದೆ. 2013ರಿಂದ ಭಾರತ ಆರ್ಕ್ಟಿಕ್ ಕೌನ್ಸಿಲ್‌ನಲ್ಲಿ ವೀಕ್ಷಕ ರಾಷ್ಟ್ರ. 2022ರಲ್ಲಿ ಸರ್ಕಾರ ಆರ್ಕ್ಟಿಕ್ ನೀತಿಯನ್ನೂ ಪ್ರಕಟಿಸಿತು. ಅಲ್ಲಿನ ಬದಲಾವಣೆ ನಮ್ಮ ಮುಂಗಾರಿನ ಮೇಲೆ ಏನು ಮಾಡುತ್ತೆ ಅನ್ನೋದು ಅದರ ಅಧ್ಯಯನದ ವಿಷಯಗಳಲ್ಲಿ ಒಂದು.

ಋತುವಿಗೆ ಮುಚ್ಚುವ ಸಮುದ್ರ ನಮಗೂ ಹೊಸದಲ್ಲ. ಮಂಗಳೂರಿನ ಹಳೇ ಬಂದರು ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿದೆ. ಮಳೆಗಾಲದ ಅಲೆ, ಅಳಿವೆಯ ಮರಳು ಎರಡೂ ಸೇರಿ ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ ಹಡಗಿನ ಕೆಲಸ ನಿಲ್ಲುತ್ತಿತ್ತು. ದೊಡ್ಡ ಹಡಗುಗಳು ದೂರದಲ್ಲಿ ಲಂಗರು ಹಾಕಿ ದೋಣಿಗಳಿಗೆ ಸಾಮಾನು ಇಳಿಸಬೇಕಿತ್ತು. ಅದಕ್ಕೆ ಉತ್ತರವಾಗಿ ಪಣಂಬೂರಿನಲ್ಲಿ ನೆಲ ಅಗೆದು, ಅಲೆಗೆ ಅಡ್ಡಗೋಡೆ ಕಟ್ಟಿ ನವಮಂಗಳೂರು ಬಂದರು ಮಾಡಿದರು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಆ ಗೋಡೆ ದೂರವನ್ನು ಒಂದು ಮೀಟರ್ ಕೂಡ ಕಡಿಮೆ ಮಾಡಲಿಲ್ಲ. ಜುಲೈನಲ್ಲೂ ಹಡಗು ಒಳಗೆ ಬರಬಹುದು ಅನ್ನೋ ಭರವಸೆ ಕೊಟ್ಟಿತು. ವಿಲ್ಕಿಟ್‌ಸ್ಕಿಗೆ ಅಂಥ ಗೋಡೆ ಕಟ್ಟೋಕಾಗಲ್ಲ. ಅಲ್ಲಿ ಭರವಸೆಯನ್ನು ಪ್ರತಿ ವರ್ಷ, ಪ್ರತಿ ಹಡಗಿಗೆ, 60 ಮೆಗಾವ್ಯಾಟ್ ಸುರಿದು ಹೊಸದಾಗಿ ಕೊಳ್ಳಬೇಕು.

ನಮ್ಮ ವಾದಕ್ಕೆ ನಾವು ಕಂಡುಕೊಂಡ ಉತ್ತರ ಇಷ್ಟು. ದಾರಿಯ ಬೆಲೆ ಕಿಲೋಮೀಟರಿನಲ್ಲಿಲ್ಲ, ಹೇಳಿದ ದಿನ ತಲುಪುವ ಭರವಸೆಯಲ್ಲಿದೆ. ವಿಲ್ಕಿಟ್‌ಸ್ಕಿ ಬೇಸಿಗೆಯ ಬಾಗಿಲು. ರಷ್ಯಾಕ್ಕೆ ಅದು ಬಹಳ ಮುಖ್ಯ, ಜಪಾನ್, ಚೀನಾಗಳಿಗೆ ಆಸೆ ಹುಟ್ಟಿಸುವಂಥದ್ದು, ಆದ್ರೆ ಸದ್ಯಕ್ಕೆ ಸೂಯೆಜ್ ಅಲ್ಲ.

ಮಾಡಿ ನೋಡಿ

1. ಲೆಬೆಡೆವ್ ಸೂತ್ರ ಬಳಸಿ, ಮೈನಸ್ 30 ಡಿಗ್ರಿಯಲ್ಲಿ 50 ದಿನಕ್ಕೆ ಗಡ್ಡೆ ಎಷ್ಟು ದಪ್ಪ ಆಗುತ್ತೆ ಕಂಡುಹಿಡಿಯಿರಿ. ಮೊದಲ 5 ದಿನದ ಬೆಳವಣಿಗೆಯನ್ನು ಕೊನೆಯ 5 ದಿನದ್ದರ ಜೊತೆ ಹೋಲಿಸಿ.

2. ಮೈಸೂರು ಸುಮಾರು 12.3 ಡಿಗ್ರಿ ಉತ್ತರದಲ್ಲಿದೆ. ನಮ್ಮದೇ ರೇಖಾಂಶದ ಭೂಸ್ಥಿರ ಉಪಗ್ರಹ ನಮ್ಮ ಕ್ಷಿತಿಜದಿಂದ ಎಷ್ಟು ಡಿಗ್ರಿ ಮೇಲಿರುತ್ತೆ? ಚೆಲ್ಯುಸ್ಕಿನ್‌ನ 3.6ರ ಜೊತೆ ಹೋಲಿಸಿ.

3. ಒಂದು ದಾರಿ ಯಾವಾಗಲೂ 40 ದಿನ. ಇನ್ನೊಂದು ಹತ್ತರಲ್ಲಿ ಎಂಟು ಸಲ 25 ದಿನ, ಎರಡು ಸಲ 90 ದಿನ. ಸರಾಸರಿ ಯಾವುದರದ್ದು ಕಡಿಮೆ? ಕೊಳೆಯುವ ಹಣ್ಣು ತುಂಬಿದ ಹಡಗು ನಿಮ್ಮದಾದ್ರೆ ಯಾವುದರಲ್ಲಿ ಕಳಿಸ್ತೀರಿ?

ಮೂರನೆಯದಕ್ಕೆ ನಮ್ಮ ಬಳಗದಲ್ಲಿ ಇನ್ನೂ ಒಮ್ಮತ ಇಲ್ಲ. ನಿಮ್ಮ ಉತ್ತರ, ಲೆಕ್ಕದ ಸಮೇತ, ತಂದುಕೊಡಿ.